ಹೊಗೆ, ದೂಳು ಮತ್ತು ಕೈತೋಟ: ಔಷಧಿ ಹೊಡೆಯುವ ಮೊದಲು ಎಲೆಯನ್ನು ಓದಿ

“ಎಲೆಯ ಮೇಲೆ ಚುಕ್ಕೆ ಬಿದ್ದಿದೆ, ಯಾವ ಔಷಧಿ ಹೊಡೆಯಬೇಕು?” ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಜೊತೆಗೊಂದು ಫೋಟೊ ಇರುತ್ತದೆ. ಕಳುಹಿಸಿದವರು ತೋರಿಸುವುದು ಎಲೆಯನ್ನು. ನನ್ನ ಕಣ್ಣು ಹೋಗುವುದು ಅದರ ಹಿಂದೆ ಕಾಣುವ ಸಿಗ್ನಲ್ ಕಂಬ, ಅರ್ಧ ಎದ್ದ ಅಪಾರ್ಟ್‌ಮೆಂಟ್, ರಸ್ತೆ ಬದಿಗೆ ಸುರಿದ ಎಂ-ಸ್ಯಾಂಡ್ ರಾಶಿಯ ಕಡೆಗೆ. ಆ ಗಿಡಕ್ಕೆ ರೋಗವೇ ಇಲ್ಲದಿರಬಹುದು, ಕೆಟ್ಟಿರುವುದು ಗಾಳಿ ಇರಬಹುದು. ಅಂಥ ಗಿಡಕ್ಕೆ ಕೀಟನಾಶಕ ಹೊಡೆದರೆ ಈಗಾಗಲೇ ಉಸಿರು ಕಟ್ಟಿದ ಎಲೆಗೆ ಇನ್ನೊಂದು ಪದರ ಬಳಿದಂತೆ ಆಗುತ್ತದೆ.

ಇದಕ್ಕೆ ಎದುರು ಬಣವೂ ಇದೆ. “ಬೆಂಗಳೂರಿನ ಈ ಹೊಗೆಯಲ್ಲಿ ಇನ್ನೇನು ಬೆಳೆಯುತ್ತದೆ ಬಿಡಿ” ಎಂದು ಎಲ್ಲವನ್ನೂ ಗಾಳಿಯ ತಲೆಗೆ ಕಟ್ಟಿ ಕೈಚೆಲ್ಲುವವರು. ಅವರ ಮನೆಯ ದಾಸವಾಳದ ಎಲೆಯನ್ನು ಮಗುಚಿ ನೋಡಿದರೆ ಎಷ್ಟೋ ಸಲ ನುಸಿಯ ಸಂಸಾರವೇ ಅಲ್ಲಿ ಬೀಡುಬಿಟ್ಟಿರುತ್ತದೆ.

ಈ ಲೇಖನ ಇಬ್ಬರಿಗೂ. ಉದಾಹರಣೆಗಳೆಲ್ಲ ಬೆಂಗಳೂರಿನ ತಾರಸಿ ಮತ್ತು ಬಾಲ್ಕನಿ ತೋಟಗಳವು, ಏಕೆಂದರೆ ನನಗೆ ಗೊತ್ತಿರುವುದು ಅದು. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರಿನ ಜೊತೆ ದಾವಣಗೆರೆ, ಹುಬ್ಬಳ್ಳಿ–ಧಾರವಾಡ ಮತ್ತು ಕಲಬುರಗಿಯೂ ಇವೆ. ಅಲ್ಲಿನವರಿಗೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ.

ಮೊದಲು ಕೈಗೆ ಬೇಕಾದವು

ಬಿಳಿ ಹತ್ತಿ ಬಟ್ಟೆಯ ಎರಡು ಚೂರು, ಒಂದು ಬಿಳಿ ಕಾಗದ, ಪಾರದರ್ಶಕ ಅಂಟು ಟೇಪ್, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಮೆತ್ತನೆಯ ಬಣ್ಣದ ಬ್ರಷ್, ಕೈಯಲ್ಲಿ ಒತ್ತುವ ಸ್ಪ್ರೇಯರ್, ಮಣ್ಣಿನ ಪಿಎಚ್ ನೋಡುವ ಪಟ್ಟಿ. ಪಿಎಚ್ ಎಂದರೆ ಹುಳಿ–ಕ್ಷಾರದ ಅಳತೆ: 7 ಮಧ್ಯ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದು ನೋಟ್‌ಬುಕ್ ಕೂಡ ಬೇಕು. ನೆನಪನ್ನು ನಂಬಬೇಡಿ, ಹೋದ ತಿಂಗಳು ಯಾವ ಎಲೆ ಹೇಗಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಪದದ ಪರಿಚಯ ಮಾಡಿಕೊಳ್ಳಿ: ಪತ್ರರಂಧ್ರ. ಎಲೆಯ ಮೇಲಿನ, ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವು. ಹೆಚ್ಚಿನ ಗಿಡಗಳಲ್ಲಿ ಎಲೆಯ ಕೆಳಮೈಯಲ್ಲೇ ಜಾಸ್ತಿ. ಗಿಡ ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುವುದು, ನೀರಾವಿ ಹೊರಬಿಡುವುದು ಇವುಗಳ ಮೂಲಕ. ವಿಷಾನಿಲ ನುಗ್ಗುವುದೂ ಇದೇ ಬಾಗಿಲಿನಿಂದ. ಬಾಗಿಲು ತೆರೆದಿರುವಾಗ, ಅಂದರೆ ಹಗಲಿನಲ್ಲಿ, ಬೇರಿಗೆ ನೀರು ಚೆನ್ನಾಗಿ ಸಿಕ್ಕಿರುವಾಗ, ಅನಿಲದ ಪೆಟ್ಟು ಹೆಚ್ಚು. ದೂಳಿನ ಕಥೆ ಬೇರೆ. ಅದು ಒಳಗೆ ಹೋಗುವುದಕ್ಕಿಂತ ಹೊರಗೇ ಕುಳಿತು ಬೆಳಕನ್ನು ತಡೆಯುತ್ತದೆ, ಬಾಯಿಯನ್ನು ಮುಚ್ಚುತ್ತದೆ, ಎಲೆಯನ್ನು ಬಿಸಿಮಾಡುತ್ತದೆ. ಅನಿಲವನ್ನು ನೀವು ತೊಳೆಯಲಾರಿರಿ, ದೂಳನ್ನು ತೊಳೆಯಬಹುದು. ಮುಂದಿನ ಎಲ್ಲ ಹಂತಗಳೂ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ಹಂತ 1: ಗಾಳಿ ಎಲ್ಲಿಂದ ಬರುತ್ತದೆ, ಬರೆದುಕೊಳ್ಳಿ

ತಾರಸಿಯ ಒಂದು ಒರಟು ನಕ್ಷೆ ಬರೆಯಿರಿ. ರಸ್ತೆ ಯಾವ ಕಡೆ, ಜನರೇಟರ್ ಎಲ್ಲಿ, ನೆಲಮಾಳಿಗೆಯ ಪಾರ್ಕಿಂಗ್‌ನಿಂದ ಕಾರುಗಳು ಮೇಲೆ ಬರುವ ಜಾಗ ಎಲ್ಲಿ, ಕಟ್ಟಡ ಕೆಲಸ ಎಲ್ಲಿ ನಡೆಯುತ್ತಿದೆ, ಪೌರಕಾರ್ಮಿಕರು ಗುಡಿಸಿದ ಎಲೆಗಳಿಗೆ ಯಾರಾದರೂ ಬೆಂಕಿ ಇಡುವ ಮೂಲೆ ಯಾವುದು, ಎಲ್ಲವನ್ನೂ ಗುರುತು ಮಾಡಿ. ಸೊರಗಿದ ಗಿಡಗಳಿಗೆ ಅಡ್ಡಗೆರೆ ಹಾಕಿ.

ಈಗ ನಕ್ಷೆಯನ್ನು ದೂರ ಹಿಡಿದು ನೋಡಿ. ಅಡ್ಡಗೆರೆಗಳೆಲ್ಲ ಒಂದೇ ಬದಿಯಲ್ಲಿದ್ದರೆ, ಅದರಲ್ಲೂ ಬೇರೆ ಬೇರೆ ಜಾತಿಯ ಗಿಡಗಳು ಒಟ್ಟಿಗೆ ಸೊರಗಿದ್ದರೆ, ಅನುಮಾನ ಗಾಳಿಯ ಮೇಲೆ ಬರಬೇಕು. ರೋಗ, ಕೀಟಗಳು ಸಾಮಾನ್ಯವಾಗಿ ಒಂದು ಜಾತಿಯನ್ನೋ ಒಂದು ಕುಲವನ್ನೋ ಆರಿಸಿಕೊಳ್ಳುತ್ತವೆ. ಹೊಗೆಗೆ ಜಾತಿ ಇಲ್ಲ.

ಕಾಲವನ್ನೂ ಬರೆದುಕೊಳ್ಳಿ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಹೊಗೆ ಮೇಲೇರದೆ ಅಲ್ಲೇ ತಂಗುತ್ತದೆ. ಆದ್ದರಿಂದ ಹೊಗೆ, ಮಸಿಯ ಕಾಟ ನವೆಂಬರ್‌ನಿಂದ ಫೆಬ್ರುವರಿವರೆಗೆ ಹೆಚ್ಚು. ಓಜೋನ್‌ನದು ಬೇರೆ ಲೆಕ್ಕ, ಅದಕ್ಕೆ ಸುಡುಬಿಸಿಲು ಬೇಕು.

ಎಚ್ಚರಿಕೆ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ವಾಯು ಗುಣಮಟ್ಟ ಸೂಚ್ಯಂಕ ‘ತೃಪ್ತಿಕರ’ ಎಂದಿರುವುದನ್ನು ನೋಡಿ ಗಿಡ ಕ್ಷೇಮ ಎಂದುಕೊಳ್ಳಬೇಡಿ. ಆ ಸಂಖ್ಯೆ ಮನುಷ್ಯರ ಆರೋಗ್ಯಕ್ಕಾಗಿ ಲೆಕ್ಕ ಹಾಕಿದ್ದು. ಅಳತೆಯ ಕೇಂದ್ರ ನಿಮ್ಮ ಮನೆಯಿಂದ ನಾಲ್ಕು ಕಿಲೊಮೀಟರ್ ದೂರ ಇರಬಹುದು. ನಿಮ್ಮ ಗುಲಾಬಿ ಇರುವುದು ಜನರೇಟರ್ ಕೊಳವೆಯಿಂದ ನಾಲ್ಕು ಅಡಿಯಲ್ಲಿ.

ಹಂತ 2: ಎಲೆಯ ಅರ್ಧ ಒರೆಸಿ

ಇದು ಹತ್ತು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ರಸ್ತೆ ಬದಿಯ ದಾಸವಾಳದ ಒಂದು ಬಲಿತ ಎಲೆ ಆರಿಸಿಕೊಳ್ಳಿ. ನಡುನಾಳದ ಎಡಭಾಗವನ್ನು ಮಾತ್ರ ಒದ್ದೆ ಬಿಳಿ ಬಟ್ಟೆಯಿಂದ ಮೃದುವಾಗಿ ಒರೆಸಿ, ಬಲಭಾಗ ಹಾಗೇ ಇರಲಿ. ಒಣಗಿದ ಮೇಲೆ ನೋಡಿ. ಎಡ ಅರ್ಧ ಎಣ್ಣೆ ಸವರಿದಂಥ ಹಸಿರು. ಬಲ ಅರ್ಧ ಅದೇ ಗಿಡದ್ದೇ ಎಂದು ನಂಬಲಾಗದಷ್ಟು ಮಂಕು. ಅಷ್ಟು ದಿನ ಗಿಡಕ್ಕೆ ಸಿಗುತ್ತಿದ್ದ ಬೆಳಕು ಆ ಬಲ ಅರ್ಧದ್ದು. ಎಲೆಯ ಕೆಳಮೈಯನ್ನೂ ಹೀಗೇ ಒರೆಸಿ ನೋಡಿ.

ಬಟ್ಟೆಯ ಬಣ್ಣ ಓದುವುದನ್ನು ಕಲಿಯಿರಿ. ಕಪ್ಪಾಗಿ, ಬೆರಳಿಗೆ ಜಿಡ್ಡು ಹತ್ತಿದರೆ ಅದು ಡೀಸೆಲ್ ಮಸಿ ಮತ್ತು ಟೈರಿನ ಪುಡಿ. ಕೆಂಪಾಗಿದ್ದರೆ ಮಣ್ಣಿನ ದೂಳು. ಸಂಡೂರು–ಹೊಸಪೇಟೆ ಕಡೆಯವರಾದರೆ ಅದಿರಿನ ದೂಳೂ ಇರಬಹುದು. ಬೂದುಬಿಳಿ ಬಣ್ಣ, ಉಜ್ಜಿದರೆ ಗರಗರ ಎನ್ನುತ್ತದೆ, ಸುಲಭಕ್ಕೆ ಬಿಡುವುದಿಲ್ಲ ಎಂದಾದರೆ ಸಿಮೆಂಟ್. ಬಟ್ಟೆಯಲ್ಲಿ ತಿಳಿಯದಿದ್ದರೆ ಎಲೆಗೆ ಟೇಪ್ ಅಂಟಿಸಿ, ಕಿತ್ತು, ಬಿಳಿ ಕಾಗದಕ್ಕೆ ಅಂಟಿಸಿ ಭೂತಗನ್ನಡಿಯಲ್ಲಿ ನೋಡಿ. ದಿನಾಂಕ ಬರೆದಿಡಿ. ತಿಂಗಳಿಗೊಂದು ಹೀಗೆ ಅಂಟಿಸಿಟ್ಟರೆ ನಿಮ್ಮದೇ ಒಂದು ಮಾಲಿನ್ಯ ದಾಖಲೆ ತಯಾರಾಗುತ್ತದೆ.

ಸಿಮೆಂಟ್ ದೂಳಿಗೆ ಬೇರೆಯದೇ ಗಮನ ಬೇಕು. ಮಣ್ಣಿನ ದೂಳು ಮಳೆಗೆ ಹೋಗುತ್ತದೆ. ಸಿಮೆಂಟ್ ಹಾಗಲ್ಲ, ಅದಕ್ಕೆ ಬೇಕಿರುವುದೇ ನೀರು. ಮಾಗಿಯ ಇಬ್ಬನಿ ಬಿದ್ದರೆ ಸಾಕು, ಎಲೆಯ ಮೇಲೆಯೇ ಗಾರೆಯ ಹಾಗೆ ಗಟ್ಟಿಯಾಗಿ ಕೂರುತ್ತದೆ. ಜೊತೆಗೆ ಅದು ಕಟು ಕ್ಷಾರ. ಎಲೆಯ ಮೇಣದ ಪದರವನ್ನು ತಿನ್ನುತ್ತದೆ. ಹಾಗಾಗಿ ಪಕ್ಕದಲ್ಲಿ ಕಟ್ಟಡ ಕೆಲಸ ಇದ್ದರೆ ಒಣ ಎಲೆಯನ್ನು ಮೊದಲು ಬ್ರಷ್‌ನಿಂದ ಕೊಡವಿ, ಆಮೇಲೆ ನೀರು. ಈ ಕ್ರಮ ತಪ್ಪಿಸಬೇಡಿ.

ಹಂತ 3: ಅನಿಲದ ಗುರುತು ಹುಡುಕಿ

ಒರೆಸಿದ ಮೇಲೂ ಎಲೆಯಲ್ಲಿ ಕಲೆ ಉಳಿದಿದ್ದರೆ ಈ ಹಂತಕ್ಕೆ ಬನ್ನಿ.

ಓಜೋನ್: ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಜೋನ್ ಪದರವೂ ಇದೇ ಅನಿಲದ್ದು, ಆದರೆ ನೆಲಮಟ್ಟದಲ್ಲಿ ಇದು ಗಿಡಗಳ ದೊಡ್ಡ ಶತ್ರು. ಯಾವ ಕೊಳವೆಯಿಂದಲೂ ನೇರವಾಗಿ ಬರುವುದಿಲ್ಲ. ವಾಹನಗಳ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡ್‌ಗಳು ಮತ್ತು ಪೆಟ್ರೋಲ್, ಬಣ್ಣ, ಥಿನ್ನರ್‌ಗಳಿಂದ ಏಳುವ ಆವಿ ಬಿಸಿಲಿನಲ್ಲಿ ಬೆಂದು ಹುಟ್ಟುತ್ತದೆ. ಮಧ್ಯಾಹ್ನ ಏರುತ್ತದೆ, ರಾತ್ರಿ ಇಳಿಯುತ್ತದೆ. ಇಲ್ಲೊಂದು ವಿಚಿತ್ರವಿದೆ. ಸಿಗ್ನಲ್ ಪಕ್ಕದಲ್ಲಿ ಓಜೋನ್ ಕಡಿಮೆ ಇರಬಹುದು, ಏಕೆಂದರೆ ಹೊಚ್ಚಹೊಸ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಅದನ್ನು ತಿಂದುಹಾಕುತ್ತದೆ. ಗಾಳಿ ಬೀಸುವ ದಿಕ್ಕಿನಲ್ಲಿ ಊರಾಚೆಗೆ ಹೋದಂತೆ ಹೆಚ್ಚಬಹುದು. “ನಮ್ಮದು ಊರ ಹೊರಗಿನ ಬಡಾವಣೆ, ಹೊಗೆಯೇ ಇಲ್ಲ, ಆದರೂ ಬೀನ್ಸ್ ಎಲೆ ಯಾಕೆ ಹೀಗೆ?” ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ ಇದು.

ಗುರುತು ಹೀಗೆ: ಎಲೆಯ ಮೇಲ್ಮೈಯಲ್ಲಿ, ನರಗಳ ನಡುವೆ ಮಾತ್ರ, ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು. ಬೀನ್ಸ್‌ನಲ್ಲಿ ಕಂಚಿನ ಬಣ್ಣ, ಪಿಟೂನಿಯಾ ಹೂಗಿಡದಲ್ಲಿ ಬಿಳಿಚು, ದ್ರಾಕ್ಷಿಯಲ್ಲಿ ಕಂದು. ನರಗಳು ಹಸಿರಾಗಿಯೇ ಇರುತ್ತವೆ. ಕೆಳಮೈ ಬಹುತೇಕ ಸ್ವಚ್ಛ. ಹಳೆಯ ಎಲೆಗೆ ಹೆಚ್ಚು, ಚಿಗುರಿಗೆ ಕಡಿಮೆ, ಏಕೆಂದರೆ ಹಳೆಯ ಎಲೆ ಹೆಚ್ಚು ದಿನ ಆ ಗಾಳಿ ಕುಡಿದಿರುತ್ತದೆ. ನಾನು ಎಲ್ಲಕ್ಕಿಂತ ನಂಬುವ ಪರೀಕ್ಷೆ ಇನ್ನೊಂದಿದೆ: ಒಂದು ಎಲೆಯ ಮೇಲೆ ಇನ್ನೊಂದು ಎಲೆ ಅರ್ಧ ಮುಚ್ಚಿಕೊಂಡಿರುವ ಜಾಗ ಹುಡುಕಿ. ಮೇಲಿನದನ್ನು ಸರಿಸಿ. ನೆರಳಿನಲ್ಲಿದ್ದ ಭಾಗ ಚುಕ್ಕೆಯಿಲ್ಲದೆ ಹಸಿರಾಗಿದ್ದು, ಬಿಸಿಲಿನ ಭಾಗ ಮಾತ್ರ ಕಂಚಾಗಿ, ನಡುವೆ ಗೆರೆ ಕೊರೆದಂತೆ ಕಂಡರೆ ಅದು ಓಜೋನ್ ಎನ್ನಲು ಬಲವಾದ ಸಾಕ್ಷಿ. ಶಿಲೀಂಧ್ರ ಹಾಗೆ ನೆರಳಿನ ಅಂಚು ನೋಡಿ ನಿಲ್ಲುವುದಿಲ್ಲ.

ಬೀನ್ಸ್, ಟೊಮೆಟೊ, ಆಲೂಗಡ್ಡೆ, ಪಾಲಕ್, ಮೂಲಂಗಿ, ಪಿಟೂನಿಯಾ ಬೇಗ ಸೋಲುವ ಗಿಡಗಳು.

ಗಂಧಕದ ಡೈಆಕ್ಸೈಡ್: ನರಗಳ ನಡುವಿನ ಭಾಗ ದಂತದ ಬಿಳಿಯಿಂದ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತದೆ, ಎಲೆಯ ಎರಡೂ ಮೈಯಲ್ಲಿ ಕಾಣುತ್ತದೆ. ತೀರ ಎಳೆಯದೂ ಅಲ್ಲದ ತೀರ ಹಳೆಯದೂ ಅಲ್ಲದ, ಈಗಷ್ಟೇ ಪೂರ್ತಿ ಬಿಚ್ಚಿದ ಎಲೆಗಳಿಗೆ ಪೆಟ್ಟು ಜಾಸ್ತಿ. ವಾಹನಗಳನ್ನು ಇದಕ್ಕೆ ಬೈಯುವುದು ಈಗ ಅಷ್ಟು ಸರಿಯಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್–6 (ವಾಹನಗಳ ಹೊಗೆಗೆ ಮಿತಿ ಹಾಕುವ ಮಾನದಂಡ) ಇಂಧನ ಬಂದಿದ್ದು, ಅದರಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 10 ಭಾಗ. ಅದಕ್ಕೆ ಮೊದಲು 50 ಇತ್ತು. ಹಾಗಾಗಿ ಈ ಗುರುತು ಕಂಡರೆ ಕಲ್ಲಿದ್ದಲು ಸುಡುವ ಬಾಯ್ಲರ್, ಇಟ್ಟಿಗೆ ಗೂಡು ಹತ್ತಿರದಲ್ಲಿ ಇದೆಯೇ ನೋಡಿ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಿರುವ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡುತಿನಿ ಸುತ್ತಮುತ್ತಲಿನವರೂ ಇದನ್ನು ನೆನಪಿನಲ್ಲಿಡಿ.

ಗಂಧಕದ ಗಾಳಿಗೆ ಪ್ರಕೃತಿಯೇ ಇಟ್ಟ ಮೀಟರ್ ಒಂದಿದೆ: ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ, ಮರದ ತೊಗಟೆಯ ಮೇಲೆ ಬೂದುಹಸಿರಾಗಿ ಹರಡುವ ಕಲ್ಲುಹೂಗಳು. ಅವಕ್ಕೆ ಈ ಅನಿಲ ಆಗುವುದೇ ಇಲ್ಲ. ನಿಮ್ಮ ಬೀದಿಯ ಹಳೆಯ ಮಾವಿನ ಕಾಂಡ ಬೋಳಾಗಿದ್ದು, ಎರಡು ಬೀದಿ ಒಳಗಿನ ಉದ್ಯಾನದ ಮರದಲ್ಲಿ ಕಲ್ಲುಹೂವು ಹಬ್ಬಿದ್ದರೆ ಅದಕ್ಕೊಂದು ಅರ್ಥವಿದೆ.

ಇಟ್ಟಿಗೆ ಗೂಡಿನ ಹೊಗೆ: ಮಾಲೂರು, ಆನೇಕಲ್ ಕಡೆ ತೋಟ ಇರುವವರಿಗೆ. ಗೂಡಿನ ಹೊಗೆ ತಾಗಿದ ಮಾವಿನ ಎಳೆಗಾಯಿಯ ತುದಿ ಕಪ್ಪಾಗಿ ಗಟ್ಟಿಯಾಗುತ್ತದೆ. ಇದಕ್ಕೆ ‘ಕಪ್ಪು ತುದಿ’ ಎಂದೇ ಹೆಸರು. ಉತ್ತರ ಭಾರತದ ದಶೇರಿ ಮಾವಿನ ತೋಪುಗಳಲ್ಲಿ ಇದು ಬಹಳ ಹಳೆಯ ತಲೆನೋವು. ಶಿಲೀಂಧ್ರನಾಶಕ ಇದಕ್ಕೆ ನಾಟುವುದಿಲ್ಲ, ರೋಗಾಣುವೇ ಇಲ್ಲವಲ್ಲ. ಅಲ್ಲಿನ ರೂಢಿಯ ಶಿಫಾರಸು ಕಾಯಿ ಕಚ್ಚುವ ಹಂತದಿಂದ ಬೋರಾಕ್ಸ್ (ಬೋರಾನ್ ಇರುವ ಲವಣ) ಸಿಂಪಡಣೆ. ಪ್ರಮಾಣವನ್ನು ನಿಮ್ಮ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಕೇಳಿಯೇ ಹಾಕಿ. ಬೋರಾನ್ ಹೆಚ್ಚಾದರೆ ಅದೇ ವಿಷ.

ಎಥಿಲೀನ್: ಬಾಳೆ, ಮಾವು ಮಾಗುವಾಗ ಹೊರಬರುವ ಅನಿಲವೇ ವಾಹನಗಳ ಹೊಗೆಯಲ್ಲೂ ಇದೆ. ಗಿಡಕ್ಕೆ ಇದು ಹಾರ್ಮೋನು, ಅಂದರೆ ಅಪ್ಪಣೆ ಕೊಡುವ ರಾಸಾಯನಿಕ. ಅದರ ಅಪ್ಪಣೆ ಒಂದೇ: ‘ಮುಪ್ಪಾಗು, ಉದುರಿಸು’. ಹಿಂದಿನ ಕಾಲದ ಯುರೋಪಿನಲ್ಲಿ ಬೀದಿದೀಪದ ಅನಿಲ ಸೋರಿದ ಕಡೆ ಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು; ಆ ಅನಿಲದಲ್ಲಿ ಕೆಲಸ ಮಾಡುತ್ತಿದ್ದುದು ಎಥಿಲೀನ್ ಎಂದು 1901ರಲ್ಲಿ ತೋರಿಸಿದವನು ರಷ್ಯಾದ ನೆಲ್ಜುಬೊವ್, ಬಟಾಣಿ ಸಸಿಗಳ ಮೇಲಿನ ಪ್ರಯೋಗದಿಂದ. ನಿಮ್ಮ ಆರ್ಕಿಡ್ ಮೊಗ್ಗು ಬಿಚ್ಚುವ ಮುನ್ನ ಬಾಡಿದರೆ, ಟೊಮೆಟೊ ಎಲೆತೊಟ್ಟು ನೀರಿದ್ದರೂ ಕೊಡೆ ಮಡಿಸಿದಂತೆ ಕೆಳಗೆ ಬಾಗಿದರೆ, ಕುಂಡ ಪಾರ್ಕಿಂಗ್ ದ್ವಾರದ ಬಳಿ ಇದೆಯೇ ನೋಡಿ. ಅಡುಗೆಮನೆಯ ಕಿಟಕಿಯಲ್ಲಿ ಬಾಳೆಹಣ್ಣಿನ ಬುಟ್ಟಿಯ ಪಕ್ಕ ಇಟ್ಟಿದ್ದರೂ ಇದೇ ಆಗುತ್ತದೆ.

ಹಂತ 4: ಗಾಳಿಯಲ್ಲದ್ದನ್ನು ಪಟ್ಟಿಯಿಂದ ತೆಗೆಯಿರಿ

ಜನ ಎಡವುವುದು ಇಲ್ಲಿ. ನಾನೂ ಎಡವಿದ್ದೇನೆ: ಮಸಿ ಎಂದುಕೊಂಡು ಎರಡು ತಿಂಗಳು ಒಂದು ನಿಂಬೆಗಿಡವನ್ನು ತೊಳೆದೆ, ಅಸಲಿಗೆ ಅದು ಬೂಷ್ಟು.

ಕಪ್ಪು ಬೂಷ್ಟು: ಗಿಡಹೇನು, ಹಿಟ್ಟು ತಿಗಣೆ, ಶಲ್ಕ ಕೀಟಗಳು ರಸ ಹೀರಿ ಹೊರಹಾಕುವ ಸಿಹಿ ಅಂಟಿನ ಮೇಲೆ ಬೆಳೆಯುವ ಶಿಲೀಂಧ್ರ. ನೋಡಲು ಥೇಟ್ ಮಸಿ. ಬೆರಳಿಟ್ಟು ನೋಡಿ: ಅಂಟಂಟಾಗಿದೆಯೇ? ಕಾಂಡದ ಮೇಲೆ ಇರುವೆ ಸಾಲು ಹೋಗುತ್ತಿದೆಯೇ? ಹಾಗಿದ್ದರೆ ಕೀಟ ಹುಡುಕಿ. ರಸ್ತೆಯ ಮಸಿಗೆ ಇರುವೆ ಬರುವುದಿಲ್ಲ.

ಜೇಡನುಸಿ: ಇದರ ಚುಕ್ಕೆ ಓಜೋನ್ ಚುಕ್ಕೆಗೆ ಅವಳಿ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಎಲೆಯನ್ನು ಎರಡು ಸಲ ತಟ್ಟಿ. ಉದುರಿದ ಪುಡಿಯಲ್ಲಿ ಕೆಲವು ಕಣಗಳು ನಡೆಯಲು ಶುರುಮಾಡಿದರೆ ಅದು ನುಸಿ. ಕೆಳಮೈಯಲ್ಲಿ ಸಣ್ಣ ಬಲೆಯೂ ಇರುತ್ತದೆ. ಇಲ್ಲೊಂದು ತಿರುವು: ದೂಳು ಕೂತ ಗಿಡದಲ್ಲಿ ನುಸಿ ಹೆಚ್ಚುತ್ತದೆ. ಅಂದರೆ ಎರಡೂ ಒಟ್ಟಿಗೆ ಇರಬಹುದು. ಆಗಲೂ ಮೊದಲ ಮದ್ದು ಕೆಳಮೈಗೆ ಜೋರಾಗಿ ನೀರು ಹೊಡೆಯುವುದೇ.

ಉಪ್ಪುನೀರು: ಬೋರ್‌ವೆಲ್ ನೀರು, ಅದಕ್ಕಿಂತ ಕೆಟ್ಟದಾಗಿ ಶುದ್ಧೀಕರಣ ಯಂತ್ರ ಹೊರಬಿಡುವ ತ್ಯಾಜ್ಯ ನೀರು. ಎಲೆಯ ತುದಿ, ಅಂಚು ಸುಟ್ಟು ಕಂದಾಗುತ್ತವೆ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಗಾಳಿಯನ್ನು ದೂರಬೇಡಿ.

ಪೋಷಕಾಂಶದ ಕೊರತೆ: ಹಳೆಯ ಎಲೆಯ ಅಂಚು ಸುಟ್ಟರೆ ಪೊಟ್ಯಾಷ್, ಹಳೆಯ ಎಲೆ ನರಗಳ ನಡುವೆ ಹಳದಿಯಾದರೆ ಮೆಗ್ನೀಸಿಯಂ, ಹೊಸ ಎಲೆ ಹಾಗಾದರೆ ಕಬ್ಬಿಣ. ಇಷ್ಟು ನೆನಪಿಟ್ಟರೆ ಸಾಕು.

ಇನ್ನೂ ಅನುಮಾನವೇ? ಒಂದೇ ಗಿಡದಿಂದ ಎರಡು ಕಡ್ಡಿ ನಾಟಿ ಮಾಡಿ. ಒಂದೇ ಮಣ್ಣು, ಒಂದೇ ನೀರು, ಒಂದೇ ಅಳತೆಯ ಕುಂಡ. ಬೇರು ಹಿಡಿದ ಮೇಲೆ ಒಂದನ್ನು ರಸ್ತೆ ಬದಿಗೆ, ಇನ್ನೊಂದನ್ನು ಹಿಂದಿನ ಬದಿಗೆ, ಬಿಸಿಲು ಆದಷ್ಟು ಸಮ ಇರುವಂತೆ ಇಡಿ. ಆರು ವಾರ ಕಾಯಿರಿ. ಇದರಷ್ಟು ಪ್ರಾಮಾಣಿಕ ಉತ್ತರ ಯಾವ ತಜ್ಞನೂ ಫೋಟೊ ನೋಡಿ ಕೊಡಲಾರ, ನನ್ನನ್ನೂ ಸೇರಿಸಿ.

ಹಂತ 5: ತೊಳೆಯುವುದು

ಬೆಳಗ್ಗೆ ಎಂಟರೊಳಗೆ ತೊಳೆಯಿರಿ. ಸಂಜೆ ತೊಳೆದರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಗುಲಾಬಿಗೆ ಕಪ್ಪುಚುಕ್ಕೆ ರೋಗವನ್ನು ಮನೆಗೆ ಕರೆದಂತೆ. ನಡುಮಧ್ಯಾಹ್ನವೂ ಬೇಡ.

ಒಣ ದೂಳನ್ನು ಮೊದಲು ಬ್ರಷ್‌ನಿಂದ ಕೊಡವಿ. ಕುಂಡದ ಮಣ್ಣಿನ ಮೇಲೆ ಹಳೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ. ಇಲ್ಲದಿದ್ದರೆ ಎಲೆಯ ಕೊಳೆಯೆಲ್ಲ ಬೇರಿಗೆ ಇಳಿಯುತ್ತದೆ. ಸಣ್ಣ ಕುಂಡವಾದರೆ ಓರೆಯಾಗಿ ಹಿಡಿದುಕೊಳ್ಳಿ. ಸ್ಪ್ರೇಯರ್ ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸಿ ಮೊದಲು ಕೆಳಮೈ, ಆಮೇಲೆ ಮೇಲ್ಮೈ. ಕೆಳಮೈ ಬಿಟ್ಟರೆ ಅರ್ಧ ಕೆಲಸವೂ ಆಗಲಿಲ್ಲ ಎಂದುಕೊಳ್ಳಿ. ಬಾಯಿ ಇರುವುದೇ ಅಲ್ಲಿ. ಜಿಡ್ಡು ಮಸಿ ಬಿಡದಿದ್ದರೆ ಒದ್ದೆ ಬಟ್ಟೆಯಲ್ಲಿ ಎಲೆಗೆ ಕೆಳಗಿನಿಂದ ಅಂಗೈ ಆಧಾರ ಕೊಟ್ಟು ಒರೆಸಿ. ದೊಡ್ಡಪತ್ರೆಯಂಥ ರೋಮದ ಎಲೆಗಳನ್ನು ಉಜ್ಜಬೇಡಿ, ಬ್ರಷ್ ಆಡಿಸಿ ತೆಳುವಾಗಿ ನೀರು ಹಾಯಿಸಿ.

ರಸ್ತೆಗೆ ಮುಖ ಮಾಡಿದ ಗಿಡಗಳಿಗೆ ನವೆಂಬರ್‌ನಿಂದ ಮೇವರೆಗೆ ವಾರಕ್ಕೊಮ್ಮೆ, ಒಳಗಿನವಕ್ಕೆ ಹದಿನೈದು ದಿನಕ್ಕೊಮ್ಮೆ. ಮುಂಗಾರು ಹಿಡಿದ ಮೇಲೆ ನಿಮ್ಮ ಕೆಲಸ ಮಳೆಯೇ ಮಾಡುತ್ತದೆ. ಆದರೆ ಬೇಸಿಗೆಯ ಮೊದಲ ತುಂತುರನ್ನು ನಂಬಬೇಡಿ. ಅದು ತೊಳೆಯುವುದಿಲ್ಲ, ದೂಳನ್ನು ಕೆಸರು ಮಾಡಿ ಅಂಟಿಸುತ್ತದೆ ಅಷ್ಟೆ.

ನೀರಿನ ಮಾತು ಬಂದೇ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಪೈಪ್ ಬಿಟ್ಟು ತೊಳೆಯುವುದು ಈ ಊರಿನಲ್ಲಿ ಸಲ್ಲದು. ಕೈ ಸ್ಪ್ರೇಯರ್‌ನಲ್ಲಿ ಎರಡು ಬಕೆಟ್ ನೀರಿಗೆ ಇಪ್ಪತ್ತು ಕುಂಡ ಮುಗಿಯುತ್ತದೆ. ಎಲೆಗೆ ಅತ್ಯುತ್ತಮ ಎಂದರೆ ಹಿಡಿದಿಟ್ಟ ಮಳೆನೀರು. ಅದು ಇಲ್ಲದಿದ್ದರೆ ಎ.ಸಿ.ಯಿಂದ ತೊಟ್ಟಿಕ್ಕುವ ನೀರು, ಅದರಲ್ಲಿ ಉಪ್ಪಿನಂಶ ಬಹುತೇಕ ಇರುವುದಿಲ್ಲ. ಅಕ್ಕಿ ತೊಳೆದ ನೀರನ್ನು ಬುಡಕ್ಕೆ ಹಾಕಿ, ಎಲೆಗೆ ಬೇಡ. ಗಂಜಿ ಒಣಗಿ ಇನ್ನೊಂದು ಪದರವಾಗುತ್ತದೆ.

ಮಾಡಬಾರದ್ದು: ಪಾತ್ರೆ ತೊಳೆಯುವ ದ್ರಾವಣ ಬೇಡ, ಎಲೆಯ ಮೇಣ ಕರಗುತ್ತದೆ. ಹೊಳಪಿಗಾಗಿ ಹಾಲು, ಕೊಬ್ಬರಿ ಎಣ್ಣೆ ಸವರುವುದು ಬೇಡ, ರಂಧ್ರಗಳು ಮುಚ್ಚುತ್ತವೆ, ದೂಳು ಇನ್ನಷ್ಟು ಹಿಡಿಯುತ್ತದೆ. ದೂಳು ಕೂತ ಎಲೆಗೆ ಬೇವಿನ ಎಣ್ಣೆ ಹೊಡೆಯಬೇಡಿ. ಹೊಡೆಯಲೇಬೇಕಿದ್ದರೆ ತೊಳೆದು, ಒಣಗಿಸಿ, ಬಿಸಿಲು ಇಳಿದ ಮೇಲೆ.

ಹಂತ 6: ಕುಂಡದ ಮಣ್ಣು

ಕಟ್ಟಡ ಕೆಲಸದ ಪಕ್ಕ ಒಂದು ವರ್ಷ ಇದ್ದ ಕುಂಡದ ಮಣ್ಣಿನ ಪಿಎಚ್ ನೋಡಿ. ಹೆಚ್ಚಿನ ಗಿಡಗಳಿಗೆ 6ರಿಂದ 7 ಹಿತ. ಸಿಮೆಂಟ್ ಬಿದ್ದಲ್ಲಿ ಇದು 8 ದಾಟಬಹುದು. ಆಗ ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ದಕ್ಕುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಜನ ಗೊಬ್ಬರ ಸುರಿಯುತ್ತಾರೆ, ಎಲೆ ಇನ್ನೂ ಹಳದಿಯಾಗುತ್ತದೆ.

ಮೇಲಿನ ಒಂದು ಇಂಚು ಮಣ್ಣನ್ನು ಕೆರೆದು ತೆಗೆದುಹಾಕಿ, ಚೆನ್ನಾಗಿ ಕಳಿತ ಎರೆಗೊಬ್ಬರ ತುಂಬಿ, ಅದರ ಮೇಲೆ ಒಣ ಎಲೆಯ ಹೊದಿಕೆ ಹಾಕಿ. ಮುಂದೆ ಬೀಳುವ ದೂಳು ಹೊದಿಕೆಯ ಮೇಲೆ ನಿಲ್ಲುತ್ತದೆ, ತಿಂಗಳಿಗೊಮ್ಮೆ ಅದನ್ನು ಬದಲಿಸಿದರಾಯಿತು. ಅಷ್ಟಕ್ಕೂ ಹಳದಿ ಹೋಗದಿದ್ದರೆ ಕೀಲೇಟ್ ಕಬ್ಬಿಣ ಕೊಡಿ. ಕೀಲೇಟ್ ಎಂದರೆ ಮಣ್ಣಿನಲ್ಲಿ ಕಟ್ಟಿಹೋಗದಂತೆ ಇನ್ನೊಂದು ಅಣುವಿನ ಹಿಡಿತದಲ್ಲಿಟ್ಟ ಲೋಹ. ಅಂಗಡಿಯವರು ಸಾಮಾನ್ಯವಾಗಿ ಕೊಡುವ ‘ಇಡಿಟಿಎ’ ಬಗೆ ಕ್ಷಾರದ ಮಣ್ಣಿನಲ್ಲಿ ಬೇಗ ಕೈಕೊಡುತ್ತದೆ. ‘ಇಡಿಡಿಎಚ್‌ಎ’ ಎಂದು ಬರೆದಿರುವುದನ್ನು ಕೇಳಿ ತನ್ನಿ.

ಯೂರಿಯಾ ಹಾಕಿ ಗಿಡವನ್ನು ‘ಎಬ್ಬಿಸುವ’ ಆಸೆ ಬಿಡಿ. ಅದರಿಂದ ಬರುವ ಮೆತ್ತನೆಯ ಚಿಗುರು ನುಸಿಗೂ ಹೇನಿಗೂ ಹಬ್ಬ.

ಹಂತ 7: ಗಿಡಗಳ ಜಾಗ ಬದಲಿಸಿ

ರಸ್ತೆಯ ಕಡೆಗೆ ಗಟ್ಟಿಗರು, ಹಿಂದೆ ನಾಜೂಕಿನವರು. ಕಣಗಿಲೆಯನ್ನು ಹೆದ್ದಾರಿಗಳ ನಡುವಿನ ವಿಭಜಕದಲ್ಲಿ ಸುಮ್ಮನೆ ನೆಟ್ಟಿಲ್ಲ. ಅದರ ಪತ್ರರಂಧ್ರಗಳು ಎಲೆಯ ಕೆಳಮೈಯ ಸಣ್ಣ ಗುಳಿಗಳೊಳಗೆ, ರೋಮಗಳ ಮರೆಯಲ್ಲಿ ಅಡಗಿವೆ. ದೂಳಿಗೆ ಸುಲಭಕ್ಕೆ ಸಿಗುವುದಿಲ್ಲ. ಆದರೆ ಇಡೀ ಗಿಡ ವಿಷ, ಮಕ್ಕಳು, ಬೆಕ್ಕು ನಾಯಿ ಇರುವ ಮನೆಯಲ್ಲಿ ಕೈಗೆಟಕುವಲ್ಲಿ ಇಡಬೇಡಿ. ಕಾಗದದ ಹೂವು ಆ ಭಯವಿಲ್ಲದ ಆಯ್ಕೆ. ನೆಲ ಇರುವವರು ಹೊಂಗೆ, ಬೇವು ನೆಡಬಹುದು.

ಹೊಗೆ, ದೂಳಿಗೆ ಅಡ್ಡವಾಗಿ ಬೇಲಿ ಕಟ್ಟುವಾಗ ಎರಡು ತಪ್ಪು ಸಾಮಾನ್ಯ. ಒಂದು, ಮೇಲೆ ಮಾತ್ರ ಎಲೆ, ಕೆಳಗೆ ಬರಿಕಾಂಡ. ಹೊಗೆ ಕಾಲಡಿಯಿಂದ ನುಸುಳಿ ಬರುತ್ತದೆ. ಬುಡದಿಂದಲೇ ಎಲೆ ತುಂಬಿರಬೇಕು. ಇನ್ನೊಂದು, ಗಾಳಿಯೇ ಆಡದಂತೆ ಶೀಟ್ ಕಟ್ಟುವುದು. ಗಾಳಿ ಅದನ್ನು ಹತ್ತಿ ಈಚೆ ಸುಳಿಯಾಗಿ ಬಿದ್ದು ದೂಳನ್ನು ಗಿಡದ ಮೇಲೆಯೇ ಸುರಿಯುತ್ತದೆ. ಬಾಲ್ಕನಿಗೆ ಶೇ 50ರ ಹಸಿರು ನೆರಳು ಬಲೆ ಸಾಕು. ಗಾಳಿ ನುಸುಳುತ್ತದೆ, ದಪ್ಪ ದೂಳು ಬಲೆಯಲ್ಲಿ ಉಳಿಯುತ್ತದೆ. ಬಲೆಯನ್ನು ಬಿಚ್ಚಿ ತೊಳೆಯಬೇಕು ಎಂಬುದು ಯಾರಿಗೂ ಹೊಳೆಯುವುದಿಲ್ಲ, ತಿಂಗಳಿಗೊಮ್ಮೆ ತೊಳೆಯಿರಿ.

ಓಜೋನ್‌ಗೆ ಬೇಲಿ ಇಲ್ಲ. ಬೀನ್ಸ್, ಪಾಲಕ್ ಪ್ರತಿ ಬೇಸಿಗೆಯಲ್ಲೂ ಕಂಚಾಗುತ್ತಿದ್ದರೆ ಆ ತಿಂಗಳುಗಳಲ್ಲಿ ಅವನ್ನು ಬಿತ್ತಬೇಡಿ, ಮಳೆಗಾಲಕ್ಕೆ ಸರಿಸಿ. ಬೇಸಿಗೆಯಲ್ಲಿ ಸಂಜೆ ನೀರು ಕೊಡುವುದೂ ಸ್ವಲ್ಪ ನೆರವಾಗುತ್ತದೆ: ಮಧ್ಯಾಹ್ನ ನೀರು ತುಂಬಿಕೊಂಡ ಗಿಡ ರಂಧ್ರಗಳನ್ನು ಅಗಲವಾಗಿ ತೆರೆದು ಕೂತಿರುತ್ತದೆ, ಓಜೋನ್ ಏರುವುದೂ ಆಗಲೇ. ಹಾಗೆಂದು ಗಿಡವನ್ನು ಬಾಡಿಸಬೇಡಿ.

ಹಂತ 8: ತಿನ್ನುವ ಸೊಪ್ಪು

“ರಸ್ತೆ ಬದಿಯ ಕುಂಡದ ಕೊತ್ತಂಬರಿ ತಿನ್ನಬಹುದೇ?” ತಿನ್ನಬಹುದು, ಆದರೆ ಸೊಪ್ಪುಗಳ ಜಾಗ ಹಿಂದಿನ ಬದಿ. ಅಗಲ ಎಲೆಯ ಸೊಪ್ಪು ದೂಳು ಹಿಡಿಯುವ ತಟ್ಟೆ ಇದ್ದ ಹಾಗೆ. ಮುಂದೆ ಹೀರೆ, ಹಾಗಲದಂಥ ಕಾಯಿ ಬಿಡುವ ಬಳ್ಳಿ ಹಬ್ಬಿಸಿ, ಅದೇ ಬೇಲಿಯೂ ಆಗುತ್ತದೆ. ಕಾಯಿಯನ್ನು ತೊಳೆದು ಹೆರೆಯಬಹುದು, ಸೊಪ್ಪನ್ನು ಹೆರೆಯಲಾಗದು. ಕಿತ್ತ ಸೊಪ್ಪನ್ನು ಅಗಲ ಪಾತ್ರೆಯಲ್ಲಿ ಮುಳುಗಿಸಿ, ಮೇಲಕ್ಕೆತ್ತಿ, ನೀರು ಚೆಲ್ಲಿ. ತಳದಲ್ಲಿ ಮಣ್ಣು ಕಾಣದಾಗುವವರೆಗೆ ಮೂರು ನಾಲ್ಕು ಸಲ.

ಕುಂಡ ತುಂಬಲು ರಸ್ತೆ ಬದಿಯ ಮಣ್ಣನ್ನು ತರಲೇಬೇಡಿ. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೂ ಹಿಂದಿನ ದಶಕಗಳ ಸೀಸ ಹಳೆಯ ರಸ್ತೆಗಳ ಅಂಚಿನ ಮಣ್ಣಿನಲ್ಲಿ ಉಳಿದಿರುತ್ತದೆ. ಸೀಸ ಕೊಳೆಯುವ ವಸ್ತುವಲ್ಲ.

ಉದುರಿದ ಎಲೆಗಳನ್ನು ನೀವೂ ಸುಡಬೇಡಿ, ಬೀದಿಯಲ್ಲಿ ಸುಡಲೂ ಬಿಡಬೇಡಿ. ಕಸ ಸುಡುವುದನ್ನು ಘನತ್ಯಾಜ್ಯ ನಿರ್ವಹಣೆ ನಿಯಮಗಳೇ ನಿಷೇಧಿಸಿವೆ. ಫೆಬ್ರುವರಿ–ಮಾರ್ಚ್‌ನಲ್ಲಿ ಉದುರುವ ಹೊಂಗೆ ಎಲೆಯನ್ನು ಗೋಣಿಚೀಲದಲ್ಲಿ ತುಂಬಿ, ಒದ್ದೆ ಮಾಡಿ, ಮೂಲೆಗಿಡಿ. ಆರನೆಯ ಹಂತದಲ್ಲಿ ಹೇಳಿದ ಹೊದಿಕೆಗೂ ಗೊಬ್ಬರಕ್ಕೂ ಅದೇ ಆಯಿತು.

ಕೊನೆಗೆ, ನನಗೆ ಮತ್ತೆ ಬರೆಯುವ ಮುನ್ನ ಒಂದು ಕೆಲಸ. ಅನಿಲದಿಂದ ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಅದನ್ನೇ ದಿನಾ ನೋಡುತ್ತ ಕೂರಬೇಡಿ. ಅರ್ಧಕ್ಕಿಂತ ಹೆಚ್ಚು ಒಣಗಿದ್ದನ್ನು ಮಾತ್ರ ಕತ್ತರಿಸಿ, ಉಳಿದದ್ದು ಇರಲಿ, ಅದಿನ್ನೂ ಗಿಡಕ್ಕೆ ಊಟ ಬೇಯಿಸುತ್ತಿದೆ. ಕುಂಡದ ಜಾಗ ಬದಲಿಸಿದ ದಿನ ತುದಿಯ ಎಲೆಗೊಂದು ಬಣ್ಣದ ದಾರ ಕಟ್ಟಿ. ಒಂದು ತಿಂಗಳ ನಂತರ ಆ ದಾರದಿಂದ ಮೇಲೆ ಬಂದ ಎಲೆಗಳ ಫೋಟೊ ತೆಗೆದು ಕಳುಹಿಸಿ. ಕೆಳಗಿನವುಗಳದ್ದು ಬೇಡ.